ಸಿಡಿಲಿಗೆ ಬ್ಯಾಕಪ್ ಡಿಸ್ಕೇ ಹೋಯಿತು, ಇನ್ನು ಫೈಲ್‌ಗಳನ್ನು ಹೇಗೆ ಕಾಪಾಡಿಕೊಳ್ಳಲಿ?

ಸಾಗರದ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಸಾಗರದಲ್ಲಿ 2004ರಿಂದ ಸಣ್ಣ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸಂಘದ ವಾರ್ಷಿಕ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ದೇವಸ್ಥಾನದ ಸ್ಮರಣ ಸಂಚಿಕೆ, ಇಂಥ ಕೆಲಸ. ಈ ಇಪ್ಪತ್ತು ವರ್ಷದಲ್ಲಿ ಕಂಪ್ಯೂಟರ್ ಮೂರು ಸಲ ಬದಲಾಗಿದೆ. ಫೈಲ್‌ಗಳು ಮಾತ್ರ ಒಂದರಿಂದ ಇನ್ನೊಂದಕ್ಕೆ ಹಾಗೇ ಬಂದಿವೆ. ಮನೆ ಬದಲಾಯಿಸುವಾಗ ಬಿಚ್ಚದ ಪೆಟ್ಟಿಗೆ ಹಾಗೇ ಅಟ್ಟ ಸೇರುತ್ತದಲ್ಲ, ಹಾಗೆ. 'ಹಳೇದು' ಅಂತ ಒಂದು ಫೋಲ್ಡರ್. ಅದರೊಳಗೆ 'ಹಳೇದು ಹೊಸ'. ಅದರೊಳಗೆ 'ಬೇಕು ಅಳಿಸಬೇಡ'. ಏನು ಬೇಕು, ಯಾಕೆ ಅಳಿಸಬಾರದು ಅಂತ ಈಗ ನನಗೇ ನೆನಪಿಲ್ಲ.

ಈ ಮೇ ತಿಂಗಳಲ್ಲಿ ಆಗಿದ್ದು ಇಷ್ಟು. ಮಧ್ಯಾಹ್ನ ಮೂರರ ಮೇಲೆ ನಮ್ಮಲ್ಲಿ ಗುಡುಗು ಖಾಯಂ. ಮೋಡ ಕಪ್ಪಾದ ಕೂಡಲೇ ಪ್ಲಗ್ ಎಳೆದಿಡುವುದು ನನ್ನ ಅಭ್ಯಾಸ. ಅವತ್ತು ಗಿರಾಕಿ ಎದುರಿಗೇ ಕೂತಿದ್ದರು. ಲಗ್ನಪತ್ರಿಕೆಯಲ್ಲಿ ಅವರ ಅಜ್ಜಿಯ ಹೆಸರು ತಪ್ಪಾಗಿತ್ತು. "ಇದೊಂದು ಸರಿ ಮಾಡಿ ಪ್ರಿಂಟ್ ಕೊಟ್ಟುಬಿಡಿ, ಬಸ್ಸಿಗೆ ಹೊತ್ತಾಯ್ತು" ಅಂದರು. ಅಜ್ಜಿಯ ಹೆಸರಿಗೆ ಒತ್ತಕ್ಷರ ಕೊಡುತ್ತಿದ್ದೆ, ಟಪ್ ಅಂತ ಸದ್ದು. ಪರದೆ ಕಪ್ಪಾಯಿತು. ಆಮೇಲೆ ಬಂದದ್ದು ಆ ವಾಸನೆ. ಒಮ್ಮೆ ಮೂಗಿಗೆ ಬಡಿದವರಿಗೆ ಗೊತ್ತು, ಮರೆಯುವುದಿಲ್ಲ.

ರಿಪೇರಿ ಹುಡುಗ ಬಂದು ನೋಡಿದ. ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಹೋಗಿದೆ, ಮದರ್‌ಬೋರ್ಡ್ ಹೋಗಿದೆ, ನೆಟ್ಟಿನ ಮೋಡೆಮ್ ಹೋಗಿದೆ. ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಎಲ್ಲ ಫೈಲ್ ಇದ್ದವು! ನಾನು ಕೈ ಮುಗಿದೆ. ಆಮೇಲೆ ನಾನು ಬ್ಯಾಕಪ್ ಅಂತ ಇಟ್ಟಿದ್ದ ಹೊರಗಿನ ಡಿಸ್ಕನ್ನು ಅವನು ನೋಡಿದ. ಅದಕ್ಕೆ ಜೀವವೇ ಇಲ್ಲ, ಲೈಟೂ ಹತ್ತಲಿಲ್ಲ. ಅಸಲು ಉಳಿಯಿತು, ನಕಲು ಹೋಯಿತು. ಅದನ್ನು ನಾಲ್ಕು ವರ್ಷದಿಂದ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆ. ದಿನಾ ತೆಗೆದು ಹಾಕುವುದು ಯಾರು ಅಂತ.

ಗಿರಾಕಿಗಳ ಕೆಲಸ ಹೋದರೆ ಬೈಸಿಕೊಂಡು ಮತ್ತೆ ಟೈಪ್ ಮಾಡಬಹುದು. ನನಗೆ ಎದೆ ನಡುಗಿದ್ದು 'ಅಮ್ಮ' ಅನ್ನುವ ಫೋಲ್ಡರಿಗೆ. 2016ರಲ್ಲಿ ಅಮ್ಮನ ಹತ್ತಿರ ಹಸೆ ಹಾಡು, ಆರತಿ ಹಾಡು, ಬೀಸುವ ಹಾಡು ಎಲ್ಲ ಹೇಳಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದೆ. ಒಟ್ಟು 43. ಅಮ್ಮ 2019ರಲ್ಲಿ ಹೋದರು.

ಎಲ್ಲ ಸೇರಿ 182 ಜಿಬಿ ಇದೆ. ಎರಡು ಡಿಸ್ಕ್ ಕೊಳ್ಳುವಷ್ಟು ದುಡ್ಡು ತೆಗೆದಿಟ್ಟಿದ್ದೇನೆ. ಫೈಬರ್ ನೆಟ್ ಇದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. 2007ರಿಂದ ಬರೆದ 31 ಡಿವಿಡಿ ಒಂದು ಆಲ್ಬಮ್ಮಿನಲ್ಲಿ ಇವೆ, ಅವನ್ನು ನಂಬಬಹುದಾ? ಪೆನ್‌ಡ್ರೈವ್ ಸಾಕಾ? ದೊಡ್ಡ ಯುಪಿಎಸ್ ಹಾಕಿಸಿದರೆ ಆಗುತ್ತದಾ? ಇಂಜಿನಿಯರ್ ಭಾಷೆ ಬೇಡ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹತ್ತು ನಿಮಿಷದಲ್ಲಿ ಮುಗಿಯುವಂಥದ್ದು ಹೇಳಿ. ಅದಕ್ಕಿಂತ ಜಾಸ್ತಿ ಆದರೆ ನಾನು ಮಾಡುವುದಿಲ್ಲ, ನನಗೆ ನಾನು ಗೊತ್ತು.

ಹಾಸನ ಸ್ಟುಡಿಯೋ

ಅಕ್ಕ, ಮೊದಲು ಒಂದು ಕೆಲಸ. ಉಳಿದಿರುವ ಆ ಒಂದು ಡಿಸ್ಕಿನಲ್ಲಿ ಇನ್ನು ಮೇಲೆ ಏನೂ ಕೆಲಸ ಮಾಡಬೇಡಿ. ಇವತ್ತೇ ಹೊಸ ಡಿಸ್ಕ್ ತಂದು ಪೂರ್ತಿ ಕಾಪಿ ತೆಗೆಯಿರಿ, ಆಮೇಲೆ ಉಳಿದ ಮಾತು. ಸಿಡಿಲಿನ ಪೆಟ್ಟು ತಿಂದ ಡಿಸ್ಕ್ ಇನ್ನೆಷ್ಟು ದಿನ ಬಾಳುತ್ತದೋ ಹೇಳಲಾಗದು. ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ 182 ಜಿಬಿ ಲೆಕ್ಕದಲ್ಲಿ ಅರ್ಧ ಗಂಟೆಯ ಕೆಲಸ. ಸಣ್ಣ ಸಣ್ಣ ಫೈಲ್ ಸಾವಿರಗಟ್ಟಲೆ ಇದ್ದರೆ ಎರಡು ಮೂರು ಗಂಟೆ ಹಿಡಿಯುತ್ತದೆ. ಡಿಸ್ಕ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬಂದರೆ ತಕ್ಷಣ ನಿಲ್ಲಿಸಿ.

ನಾನು ಮದುವೆ ಫೋಟೋ ತೆಗೆಯುವವನು. ಲಗ್ನಪತ್ರಿಕೆ ಇನ್ನೊಂದು ಸಲ ಟೈಪ್ ಮಾಡಬಹುದು, ತಾಳಿ ಇನ್ನೊಂದು ಸಲ ಕಟ್ಟಿಸಲು ಆಗುತ್ತದಾ? ಅದಕ್ಕೇ ನಮ್ಮ ಕಸುಬಿನವರಿಗೆ ಈ ವಿಷಯದಲ್ಲಿ ಹೆದರಿಕೆ ಜಾಸ್ತಿ. ಎಲ್ಲರೂ ಹೇಳುವ 3-2-1 ಲೆಕ್ಕ ಇದೆಯಲ್ಲ, ಅದನ್ನು ಪ್ರಚಾರಕ್ಕೆ ತಂದವನೂ ಒಬ್ಬ ಫೋಟೋಗ್ರಾಫರ್, ಅಮೆರಿಕದ ಪೀಟರ್ ಕ್ರೋ. ಮೂರು ಪ್ರತಿ ಇರಬೇಕು. ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ ಇರಬೇಕು. ಒಂದಾದರೂ ಊರಾಚೆಯೋ ಬೇರೆ ಮನೆಯಲ್ಲೋ ಇರಬೇಕು. ನಿಮ್ಮ ಹತ್ತಿರ ಎರಡು ಪ್ರತಿ ಇದ್ದವು, ಆದರೆ ಎರಡೂ ಒಂದೇ ಪ್ಲಗ್‌ಬೋರ್ಡಿನಲ್ಲಿ.

ನಾನು ಮಾಡುವುದು ಹೀಗೆ. ಎರಡು ಡಿಸ್ಕ್. ಒಂದಕ್ಕೆ ಕೆಂಪು ಸ್ಟಿಕರ್, ಒಂದಕ್ಕೆ ಹಳದಿ. ಕೆಂಪು ಅಂಗಡಿಯಲ್ಲಿ ಇದ್ದಾಗ ಹಳದಿ ಮಾವನ ಮನೆಯ ಬೀರುವಿನಲ್ಲಿ. ಭಾನುವಾರ ಊಟಕ್ಕೆ ಹೋಗುವಾಗ ಕೆಂಪು ಒಯ್ಯುತ್ತೇನೆ, ಹಳದಿ ತರುತ್ತೇನೆ. ಎಂಟು ವರ್ಷದಿಂದ ತಪ್ಪಿಲ್ಲ. ನಾನೇನೂ ಶಿಸ್ತಿನ ಮನುಷ್ಯ ಅಲ್ಲ, ಅತ್ತೆ ಮಾಡುವ ಮಟನ್ ಸಾರು ತಪ್ಪಿಸಿಕೊಳ್ಳುವುದಿಲ್ಲ ಅಷ್ಟೇ. ನಿಮಗೂ ಹೇಗಿದ್ದರೂ ಹೋಗುವ ಯಾವುದಾದರೂ ಮನೆ ಇರುತ್ತದಲ್ಲ, ಅಲ್ಲಿಡಿ.

ಅಂಗಡಿಯ ಡಿಸ್ಕ್ ಸಂಜೆ ಸಿಕ್ಕಿಸಿ, ಕಾಪಿ ಆದ ಮೇಲೆ ಕಿತ್ತು ಡ್ರಾಯರಿಗೆ. ಕೇಬಲ್ ಕೂಡ ಕೀಳಬೇಕು.

ಪೆನ್‌ಡ್ರೈವ್ ಇರುವುದು ಅಲ್ಲಿಂದ ಇಲ್ಲಿಗೆ ಒಯ್ಯಲು, ಇಟ್ಟುಕೊಳ್ಳಲು ಅಲ್ಲ. ಎಸ್‌ಎಸ್‌ಡಿ, ಅಂದರೆ ಒಳಗೆ ಏನೂ ತಿರುಗದ ಚಿಪ್‌ನ ಡಿಸ್ಕ್, ಅದರ ವೇಗ ಚೆನ್ನಾಗಿದೆ, ಕೆಳಗೆ ಬಿದ್ದರೂ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಬೀರುವಿನಲ್ಲಿ ಬಿದ್ದಿದ್ದರೆ ಒಳಗಿನ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಬೀರುವಿನಲ್ಲಿ ಇಡಲು ಹಳೇ ಕಾಲದ ತಿರುಗುವ ಡಿಸ್ಕೇ ವಾಸಿ. ಯುಪಿಎಸ್ ಕರೆಂಟ್ ಹೋದಾಗ ಫೈಲ್ ಸೇವ್ ಮಾಡಲು ಹೊತ್ತು ಕೊಡುತ್ತದೆ. ಹತ್ತಿರದಲ್ಲಿ ಬಡಿದ ಸಿಡಿಲನ್ನು ಅದು ತಡೆಯುತ್ತದೆ ಅಂತ ನಂಬಬೇಡಿ. ನೆಟ್ಟಿನ ತಂತಿಯಿಂದಲೂ ಹೊಡೆತ ಬರಬಹುದು, ಅದನ್ನೂ ಕೀಳಿ.

ನಿಮ್ಮದು ಮಲೆನಾಡು ಬೇರೆ. ನನ್ನ ಎರಡು ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಡಿಸ್ಕನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಜೊತೆಗೆ ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ. ಯಾರೋ ಅಕ್ಕಿ ಡಬ್ಬಿಯಲ್ಲಿ ಇಡಿ ಅನ್ನುತ್ತಾರೆ, ಕೇಳಬೇಡಿ. ಡಿಸ್ಕಿನ ಒಳಗೆ ಧೂಳೂ ಸೇರುತ್ತದೆ, ಹುಳವೂ ಸೇರುತ್ತದೆ.

ಸುಮ್ನೆ ಓದುವವ

ಇಷ್ಟೆಲ್ಲ ಯಾಕೆ? ಎಲ್ಲಾ ಗೂಗಲ್ ಡ್ರೈವಿಗೆ ಹಾಕಿ ಸುಮ್ನಿರಿ. ಮಾವನ ಮನೆಗೆ ಹೋಗೋದೂ ಉಳಿಯುತ್ತೆ.

ಸರ್ವರ್ ರೂಮ್, ಮೈಸೂರು

ಮೇಲಿನವರ ಮಾತು ಅರ್ಧ ಸರಿ. ಹಾಕಿ. ಸುಮ್ನಿರಬೇಡಿ.

ಗೂಗಲ್‌ನಲ್ಲಿ ಬಿಟ್ಟಿ ಸಿಗುವುದು 15 ಜಿಬಿ. ಅದರಲ್ಲೇ ಜಿಮೇಲ್, ಅದರಲ್ಲೇ ಡ್ರೈವ್, ಅದರಲ್ಲೇ ಫೋಟೋ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ ಲೆಕ್ಕಕ್ಕೆ. ಮೈಕ್ರೋಸಾಫ್ಟಿನ ಒನ್‌ಡ್ರೈವ್ ಆದರೆ 5 ಜಿಬಿ. ಮೇಡಂ ಅವರ 182 ಜಿಬಿಗೆ ಚಂದಾ ಕಟ್ಟಲೇಬೇಕು. ಕಟ್ಟಿದರೂ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದೆ ಅಂದುಕೊಳ್ಳಿ, ಎಲ್ಲ ಏರಲು ಸುಮಾರು 20 ಗಂಟೆ ಬೇಕು. ನಡುವೆ ಕರೆಂಟ್ ಹೋಗದೆ ಇದ್ದರೆ! ಸಾಗರದಲ್ಲಿ ಮಳೆಗಾಲದಲ್ಲಿ, ನಾನು ನಾಲ್ಕು ರಾತ್ರಿ ಅಂತ ಲೆಕ್ಕ ಹಿಡಿಯುತ್ತೇನೆ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಕಂಪ್ಯೂಟರಿನ ಫೋಲ್ಡರ್ ಮತ್ತು ಡ್ರೈವ್ ತಾಳೆಯಾಗುವ ಹಾಗೆ ಇಟ್ಟರೆ ಅದು ಸಿಂಕ್. ಸಿಂಕ್ ಅಂದರೆ ಕನ್ನಡಿ. ನೀವು ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. 'ಬೇಕು ಅಳಿಸಬೇಡ' ಫೋಲ್ಡರನ್ನು ಯುಗಾದಿಯಲ್ಲಿ ಕೈತಪ್ಪಿ ಅಳಿಸಿ ದೀಪಾವಳಿಗೆ ನೆನಪಾದರೆ ಸಿಂಕ್ ಏನೂ ಮಾಡಲಾರದು. ಬೀರುವಿನಲ್ಲಿ ಇರುವ ಹಳದಿ ಸ್ಟಿಕರ್ ಡಿಸ್ಕಿಗೆ ನೀವು ಅಳಿಸಿದ್ದು ಗೊತ್ತೇ ಆಗುವುದಿಲ್ಲ, ಅದೇ ಅದರ ಬಲ.

ಹಾಗಾದರೆ ಮೋಡಕ್ಕೆ, ಅಂದರೆ ನೆಟ್ಟಿನ ಮೇಲಿನ ಇಂಥ ಜಾಗಕ್ಕೆ, ಏನು ಏರಿಸಬೇಕು? ಇನ್ನೊಂದು ಸಲ ಮಾಡಲು ಆಗದೇ ಇರುವುದನ್ನು ಮಾತ್ರ. ಅಮ್ಮನ 43 ಹಾಡು ಸೇರಿದರೂ ಒಂದು ಜಿಬಿ ದಾಟಲಿಕ್ಕಿಲ್ಲ, ಬಿಟ್ಟಿ ಜಾಗದಲ್ಲೇ ಹಿಡಿಸುತ್ತವೆ. ಇವತ್ತು ರಾತ್ರಿಯೇ ಏರಿಸಿ. ಖಾತೆಗೆ ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಹಾಕಿ, ಅವರು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಕವರಿನಲ್ಲಿ ಇಡಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಆ ನಿಯಮ ಇದೆ. ಅದಕ್ಕೇ ಹಾಡಿಗೆ ಅಂತ ಹೊಸ ಖಾತೆ ತೆರೆದು ಮರೆಯಬೇಡಿ, ದಿನಾ ಬಳಸುವ ಖಾತೆಯಲ್ಲೇ ಇಡಿ.

ದಿನದ ಹತ್ತು ನಿಮಿಷಕ್ಕೆ ಫ್ರೀಫೈಲ್‌ಸಿಂಕ್ ಅಂತ ಬಿಟ್ಟಿ ತಂತ್ರಾಂಶ ಇದೆ. ಎರಡು ಕಡೆ ಹೋಲಿಸಿ ಬದಲಾದ ಫೈಲ್ ಮಾತ್ರ ಕಾಪಿ ಮಾಡುತ್ತದೆ. ದಿನಕ್ಕೆ ಹತ್ತು ಕಾರ್ಡ್ ಮಾಡಿದರೆ ಎರಡು ನಿಮಿಷವೂ ಬೇಡ. ಅದರಲ್ಲಿ 'ಮಿರರ್' ಅನ್ನುವುದನ್ನು ಒತ್ತಬೇಡಿ, ಅದೂ ಕನ್ನಡಿಯೇ, ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸುತ್ತದೆ; 'ಅಪ್‌ಡೇಟ್' ಒತ್ತಿ. ಯಾಕೆ ಅಂತ ನನ್ನ ಕಥೆ ಕೇಳಿ. ವಿಂಡೋಸ್ ಒಳಗೇ ರೋಬೋಕಾಪಿ ಅಂತ ಒಂದು ಕಮಾಂಡ್ ಇದೆ. ಕೆಲಸಕ್ಕೆ ಸೇರಿದ ಹೊಸದು, ಮಿರರ್ ಆಯ್ಕೆ ಹಾಕಿ ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ತಿರುವುಮುರುವು ಬರೆದೆ. ಖಾಲಿ ಡಿಸ್ಕ್ ಹೇಗಿತ್ತೋ ತುಂಬಿದ ಡಿಸ್ಕೂ ಹಾಗೇ ಆಯಿತು. ಅದು ತಪ್ಪೇನೂ ಮಾಡಲಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಅವತ್ತು ಮಧ್ಯಾಹ್ನ ಊಟ ಇಳಿಯಲಿಲ್ಲ.

ಇನ್ನೊಂದು. ಡಿಟಿಪಿ ಅಂಗಡಿ ಅಂದರೆ ಗಿರಾಕಿಗಳ ಆಧಾರ್, ಪಾನ್, ಅಂಕಪಟ್ಟಿ ಸ್ಕ್ಯಾನ್ ಇರುತ್ತವೆ ಅಲ್ವಾ? ಅವನ್ನು ಬ್ಯಾಕಪ್ ಮಾಡಬೇಡಿ. ಅಳಿಸಿ. ಕೆಲಸ ಮುಗಿದ ಮೇಲೆ ಅವು ನಿಮಗೆ ಆಸ್ತಿ ಅಲ್ಲ, ಹೊರೆ.

ಸಾಗರದ ಡಿಟಿಪಿ

ಸರ್, ಆಧಾರ್ ವಿಷಯ ಓದಿ ನಾಚಿಕೆ ಆಯಿತು. ಹುಡುಕಿದರೆ ಆರು ಸಾವಿರ ಚಿಲ್ಲರೆ ಸ್ಕ್ಯಾನ್ ಇದ್ದವು. ಬೇರೆ ಊರಿಗೆ ಹೋದವರದ್ದು, ತೀರಿಹೋದವರದ್ದು, ನನ್ನ ಹತ್ತಿರ ಜಗಳ ಆಡಿಕೊಂಡು ಹೋದವರದ್ದೂ. ಎರಡು ಸಂಜೆ ಕೂತು ಅಳಿಸಿದೆ. ಜಾಗವೂ ಉಳಿಯಿತು, 182 ಹೋಗಿ 161 ಆಯಿತು.

ಹಾಡುಗಳನ್ನು ಅದೇ ರಾತ್ರಿ ಏರಿಸಿದೆ. ಹಾಸನದ ಅಣ್ಣ, ಡಿಸ್ಕ್ ಎರಡು ತಂದೆ, ಒಂದೊಂದು ಟಿಬಿಯವು. ಸ್ಟಿಕರ್ ಸಿಗಲಿಲ್ಲ. ಒಂದಕ್ಕೆ ಕುಂಕುಮ ಬಣ್ಣದ ಬಿಂದಿ, ಒಂದಕ್ಕೆ ಹಸಿರು ಬಿಂದಿ ಅಂಟಿಸಿದ್ದೇನೆ. ತಂಗಿ ಶಿವಮೊಗ್ಗದಲ್ಲಿ ಇದ್ದಾಳೆ, ಎಪ್ಪತ್ತು ಕಿಲೋಮೀಟರ್. ಕಾಗದ ತರಲು ತಿಂಗಳಿಗೊಮ್ಮೆ ಹೋಗಿಯೇ ಹೋಗುತ್ತೇನೆ. ಹಸಿರು ಅವಳ ಮನೆಗೆ.

ಸೊಸೈಟಿ ಲೆಕ್ಕಿಗ, ಹಾವೇರಿ ಕಡೆ

ಅಕ್ಕಾರೆ, ಡಿಸ್ಕ್ ಕಿತ್ತಿಡಿ ಅಂತ ಹಾಸನದವರು ಹೇಳಿದರಲ್ಲ, ಅದು ಸಿಡಿಲಿಗೆ ಮಾತ್ರ ಅಂತ ತಿಳಿಯಬೇಡಿರಿ.

ನಾನು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವ. ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದರೆ ಎಲ್ಲ ಫೈಲಿನ ಹೆಸರಿನ ಬಾಲಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿದ್ದವು. ಯಾವುದೂ ತೆರೆಯವಲ್ಲದು. ಪ್ರತಿ ಫೋಲ್ಡರಿನಲ್ಲಿ ಒಂದೊಂದು ಚೀಟಿ, ಡಾಲರ್ ಕೊಟ್ಟರೆ ಬೀಗ ತೆಗೆಯುತ್ತೇವೆ ಅಂತ. ರ‍್ಯಾನ್ಸಮ್‌ವೇರ್ ಅನ್ನುವ ಶಬ್ದ ಅವತ್ತೇ ಕಲಿತೆ. ಹೇಗೆ ಬಂತು ಅಂದರೆ, ಹಿಂದಿನ ದಿನ ನಮ್ಮ ಹುಡುಗ ಒಂದು ತಂತ್ರಾಂಶದ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಇಳಿಸಿದ್ದ. ಆ್ಯಂಟಿವೈರಸ್ ಬೇಡ ಅಂದಿತ್ತು. ಅದನ್ನೇ ಬಂದ್ ಮಾಡಿ ಹಾಕಿದ್ದ. ಅಕ್ಕಾರೆ, ನಿಮ್ಮ ಡಿಟಿಪಿ ಮಂದಿಗೆ ಇದು ಜಾಸ್ತಿ ಅನ್ವಯಿಸುತ್ತದೆ, ಸಿಟ್ಟು ಮಾಡಬೇಡಿರಿ.

ಬ್ಯಾಕಪ್ ಡಿಸ್ಕ್ ಸಿಕ್ಕಿಸಿಯೇ ಇತ್ತು. ಕಂಪ್ಯೂಟರಿಗೆ ಅದೂ ಒಂದು ಡ್ರೈವ್, ಡಿ ಇದ್ದ ಹಾಗೆ ಇ. ಅದಕ್ಕೂ ಬೀಗ ಬಿತ್ತು. ಉಳಿದದ್ದು ಒಂದೇ, ನಮ್ಮ ಹಳೇ ಕಾರ್ಯದರ್ಶಿ ತಿಜೋರಿಯಲ್ಲಿ ಇಟ್ಟಿದ್ದ ಡಿಸ್ಕ್. ಅದರಲ್ಲಿ ಇದ್ದದ್ದು ನಲವತ್ತು ದಿನ ಹಿಂದಿನ ಲೆಕ್ಕ. ಆ ನಲವತ್ತು ದಿನದ್ದನ್ನು ವೋಚರ್ ಮತ್ತು ಕಿರ್ದಿ ಪುಸ್ತಕ ನೋಡಿ ಮತ್ತೆ ಲೆಕ್ಕದ ತಂತ್ರಾಂಶ ಟ್ಯಾಲಿಗೆ ಏರಿಸಿದೆವು. ಮೂರು ಜನ, ಹನ್ನೊಂದು ರಾತ್ರಿ, ಮಿರ್ಚಿ ಮಂಡಕ್ಕಿ ಮೇಲೆ. ಕಿರ್ದಿ ಬರೆಯುವುದು ದಂಡ ಅಂತ ನಾನೇ ಸಭೆಯಲ್ಲಿ ವಾದ ಮಾಡಿದ್ದೆ. ಈಗ ಮಾಡುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ, ಎಷ್ಟು ದಿನದ ಕೆಲಸ ಮತ್ತೆ ಮಾಡುವ ತಾಕತ್ತು ಇದೆ ನಿಮಗೆ? ನಮಗೆ ಒಂದು ದಿನದ್ದು. ಅದಕ್ಕೆ ದಿನಾ ಸಂಜೆ.

ಅಚ್ಚುಮೊಳೆ, ಧಾರವಾಡ

ತಂಗಿ, ಎಲ್ಲರೂ ಡಿಸ್ಕಿನ ಮಾತು ಆಡಿದರು. ನಾನು ಮೊಳೆ ಜೋಡಿಸುವ ಕಾಲದಿಂದ ಅಚ್ಚಿನ ಕೆಲಸದಲ್ಲಿ ಇದ್ದವನು. ನನಗೆ ಕಾಣುವ ಅಪಾಯ ಬೇರೆ. ನಿನ್ನ ಫೈಲ್ ಉಳಿಯುತ್ತದೆ. ಓದಲು ಬರುತ್ತದಾ?

2004ರಿಂದ ಅಂದೆ. ಅಂದರೆ ಕನ್ನಡ ಟೈಪ್ ಮಾಡಲು ನುಡಿ, ಬರಹ, ಶ್ರೀಲಿಪಿ, ಪುಟ ಜೋಡಿಸಲು ಪೇಜ್‌ಮೇಕರ್. ಆಗಿನ ನುಡಿ ಫೈಲಿನಲ್ಲಿ ಇರುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ತಲಕಟ್ಟು ಒಂದು ಮನೆ, ಕೊಂಬು ಒಂದು ಮನೆ. ನಮ್ಮ ಮೊಳೆ ಪೆಟ್ಟಿಗೆ ಇದ್ದ ಹಾಗೆಯೇ. ಆ ತುಂಡುಗಳಿರುವ ಫೈಲಿಗೆ ಫಾಂಟ್ ಅನ್ನುತ್ತಾರೆ, ಅದು ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ನೆತ್ತಿಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನಮ್ಮ ಪ್ರೆಸ್ಸಿನಲ್ಲಿ ಒಂದು ಊರಿನ ಸ್ಮರಣ ಸಂಚಿಕೆಯ ಮರುಮುದ್ರಣಕ್ಕೆ ಹಳೇ ಸಿಡಿ ತಂದರು. ಸಿಡಿ ಓದಿತು, ಫೈಲ್ ತೆರೆಯಿತು, ಒಂದಕ್ಷರ ಕನ್ನಡ ಇಲ್ಲ. ಆ ಫಾಂಟ್ ಇದ್ದ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದರು. ಕೊನೆಗೆ ಅಚ್ಚಾದ ಪುಸ್ತಕ ಎದುರಿಗೆ ಇಟ್ಟುಕೊಂಡು 140 ಪುಟ ಹೊಸದಾಗಿ ಟೈಪ್ ಮಾಡಿಸಿದೆವು.

ಅದಕ್ಕೆ ಫೈಲಿನ ಜೊತೆಗೆ ನೀನು ಬಳಸಿದ ಫಾಂಟ್‌ಗಳನ್ನೂ ಒಂದು ಫೋಲ್ಡರಿನಲ್ಲಿ ಹಾಕಿಡು. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಕಾಪಿ ಮಾಡಿದರೆ ಆಯಿತು. ನುಡಿ, ಬರಹದ ಇನ್‌ಸ್ಟಾಲ್ ಫೈಲ್ ಕೂಡ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ತನ್ನ ಒಳಗೆ ಇಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಅಂತ ದಾರಿ ಮಾತ್ರ ಬರೆದುಕೊಂಡಿರುತ್ತದೆ. ಚಿತ್ರಗಳೂ ಅದೇ ಫೋಲ್ಡರಿಗೆ ಬರಲಿ. ವಿನ್ಯಾಸದ ತಂತ್ರಾಂಶ ಕೋರೆಲ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್, ಅಂದರೆ ಬರೀ ಗೆರೆಯ ಚಿತ್ರ, ಮಾಡಿ ಅಚ್ಚಿಗೆ ಕಳಿಸುತ್ತೀಯಲ್ಲ, ಆ ಫೈಲಿಗೆ ಫಾಂಟ್ ಬೇಡ. ಆದರೆ ಅದರಲ್ಲಿ ಅಜ್ಜಿಯ ಹೆಸರು ತಿದ್ದಲು ಬರುವುದಿಲ್ಲ. ಕರ್ವ್ಸ್ ಮಾಡುವ ಮುಂಚಿನದ್ದೂ ಇರಲಿ.

ಮುಖ್ಯವಾದ ಪುಸ್ತಕಗಳಿಗೆ ಫಾಂಟ್ ಒಳಸೇರಿಸಿದ ಪಿಡಿಎಫ್ ಮಾಡಿಡು. ಸಮಯ ಇದ್ದಾಗ ಪಠ್ಯವನ್ನು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಮನೆ ಇರುವ ಪದ್ಧತಿಗೆ, ತಿರುಗಿಸು, ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತವೆ, ಕರಡು ತಿದ್ದಬೇಕು.

ಡಿವಿಡಿ ಕೇಳಿದೆ. ಮನೆಯಲ್ಲಿ ಬರೆಯುವ ಡಿವಿಡಿಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಖೆ, ತೇವಕ್ಕೆ ಅದು ಕೆಡುತ್ತದೆ. ಓದುವಷ್ಟು ದಿನ ಓದಿಸಿಕೊಂಡುಬಿಡು.

ಸಾಗರದ ಡಿಟಿಪಿ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಡಿವಿಡಿ 31ರಲ್ಲಿ 22 ಸರಿಯಾಗಿ ಓದಿದವು. ನಾಲ್ಕು ಅರ್ಧಂಬರ್ಧ. ಐದು ಏನು ಮಾಡಿದರೂ ಇಲ್ಲ. ಒಂದಕ್ಕಂತೂ ಬೂಷ್ಟು ಹಿಡಿದು ರಂಗೋಲಿ ಬಿಡಿಸಿದ ಹಾಗೆ ಆಗಿತ್ತು. ಆ ಐದರ ಮೇಲೆ ಏನು ಬರೆದಿದ್ದೆ ಗೊತ್ತಾ? 'ಮಿಕ್ಕಿದ್ದು'. ಏನು ಹೋಯಿತು ಅಂತಲೂ ಗೊತ್ತಾಗದ ಹಾಗೆ ಹೋಯಿತು. ಈಗ ಫೋಲ್ಡರಿಗೆ ವರ್ಷ, ತಿಂಗಳು, ಆಮೇಲೆ ಕೆಲಸದ ಹೆಸರು ಹಾಕುತ್ತಿದ್ದೇನೆ. 'ಹಳೇದು ಹೊಸ' ಇನ್ನು ಮೇಲೆ ಇಲ್ಲ.

ಧಾರವಾಡದ ಅಣ್ಣ ಹೇಳಿದ ಮೇಲೆ ಹಸಿರು ಬಿಂದಿ ಡಿಸ್ಕನ್ನು ಶಿವಮೊಗ್ಗಕ್ಕೆ ಒಯ್ದಾಗ ತಂಗಿಯ ಮಗನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದೆ. ನುಡಿ ಇಲ್ಲದ ಲ್ಯಾಪ್‌ಟಾಪ್. 2009ರ ಒಂದು ಸ್ಮರಣ ಸಂಚಿಕೆ ತೆರೆದೆ. ಅವರು ಹೇಳಿದ ಅದೇ ಸಂತೆ. ಫಾಂಟ್ ಫೋಲ್ಡರ್ ಜೊತೆಗೇ ಇತ್ತು, ಹಾಕಿದೆ, ಮುಚ್ಚಿ ತೆರೆದೆ, ಸಂಪಾದಕೀಯ ಕನ್ನಡದಲ್ಲಿ ಬಂತು. ಹುಡುಗ ಪಕ್ಕದಲ್ಲಿ ಕೂತು "ದೊಡ್ಡಮ್ಮ, ಇದು ಮ್ಯಾಜಿಕ್ಕಾ" ಅಂದ.

ಆಮೇಲೆ ಅಮ್ಮನ ಹಾಡು. ಫೋಲ್ಡರ್ ಇದೆ, 43 ಫೈಲ್ ಇವೆ, ಸರಿ ಅಂತ ಮುಚ್ಚುವವಳಿದ್ದೆ. ತಂಗಿ "ಒಂದೊಂದೇ ಹಾಕು, ಅಡುಗೆ ಮಾಡುತ್ತಾ ಕೇಳುತ್ತೇನೆ" ಅಂದಳು. ಅವಳು ಹಲಸಿನ ಹಣ್ಣು ಬಿಡಿಸುತ್ತಿದ್ದಳು, ಕಡುಬಿಗೆ. ಹದಿನೇಳನೆಯ ಹಾಡು ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ಕಡಿದುಹೋಯಿತು. ಸಾಲಿನ ನಡುವೆ. ಆಮೇಲೆ ಮೌನ. ಇನ್ನೊಂದು ಡಿಸ್ಕಿನಲ್ಲಿ ನೋಡಿದರೂ ಅಷ್ಟೇ. ಡ್ರೈವಿನಲ್ಲೂ ಅಷ್ಟೇ. ಅಂಗಡಿಯ ಅಸಲಿನಲ್ಲೇ ಅಷ್ಟು. ಹಿಂದೆ ಕಂಪ್ಯೂಟರ್ ಬದಲಾಯಿಸುವಾಗ ಪೆನ್‌ಡ್ರೈವನ್ನು ಅವಸರದಲ್ಲಿ ಕಿತ್ತಿರಬೇಕು ನಾನು. ಆ ತುಂಡನ್ನು ನಾಲ್ಕು ಕಡೆ ಜೋಪಾನ ಮಾಡಿದ್ದೆ.

ತಂಗಿ ಕೈಗೆ ಎಣ್ಣೆ ಹಚ್ಚಿದ್ದು ಹಾಗೇ ಇತ್ತು, ಎದ್ದು ಹೋಗಿ ಬೀರುವಿನಿಂದ ಅವಳ ಹಳೇ ಫೋನ್ ತಂದಳು. 2016ರಲ್ಲಿ ಕೆಲವು ಹಾಡನ್ನು ಬ್ಲೂಟೂತಿನಲ್ಲಿ ಕಳಿಸಿದ್ದೆನಂತೆ. ನನಗೆ ನೆನಪೇ ಇಲ್ಲ. ಚಾರ್ಜರ್ ಹುಡುಕಲು ಒಂದು ಗಂಟೆ, ಫೋನ್ ಏಳಲು ಅರ್ಧ ಗಂಟೆ. ಹದಿನೇಳನೆಯದು ಪೂರ್ತಿ ಇತ್ತು. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಕೊನೆಯಲ್ಲಿ ಅಮ್ಮ ಕೆಮ್ಮಿ "ಸಾಕನೇ?" ಅನ್ನುವುದೂ ಇದೆ.

ಆದರೆ ಆ ಫೈಲಿನ ಬಾಲ ಎಎಂಆರ್ ಅಂತ ಇದೆ. ನನ್ನ ಕಂಪ್ಯೂಟರಿನ ಪ್ಲೇಯರ್ ತೆರೆಯುತ್ತಿಲ್ಲ. ಏನು ಮಾಡಲಿ?

ಸರ್ವರ್ ರೂಮ್, ಮೈಸೂರು

ಮೇಡಂ, ಎಎಂಆರ್ ಹಳೇ ಫೋನುಗಳು ಮಾತು ಮುದ್ರಿಸುತ್ತಿದ್ದ ಬಗೆ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ತೆರೆಯುತ್ತದೆ. ಅದರಲ್ಲೇ 'ಕನ್ವರ್ಟ್' ಆಯ್ಕೆಯಲ್ಲಿ ಎಂಪಿ3 ಮಾಡಿಕೊಳ್ಳಬಹುದು. ಮಾಡಿದ ಮೇಲೂ ಮೂಲ ಎಎಂಆರ್ ಫೈಲನ್ನು ಅಳಿಸಬೇಡಿ, ಎರಡೂ ಇರಲಿ. ಇಷ್ಟು ಹೊತ್ತಿಗೆ ನೀವೇ ಹೇಳುತ್ತೀರಿ ಬಿಡಿ.

ಸಾಗರದ ಡಿಟಿಪಿ

ತೆರೆಯಿತು ಸರ್. ತಂಗಿಯ ಫೋನಿನಲ್ಲಿ ನನ್ನ ಹತ್ತಿರ ಇರದೇ ಇದ್ದ ಎರಡು ಹಾಡೂ ಸಿಕ್ಕವು. ಈಗ 45.